ಅಳಿಸಿದರೂ ಬಂದ ಹೆಸರು

ದೆವ್ವ, ಪೀಡೆ ಎಂದವರನ್ನು ಕಂಡು ನಕ್ಕವನು ನಾನು. ಕಂಪ್ಯೂಟರ್ ರಿಪೇರಿಯವನಿಗೆ ಎಲ್ಲದಕ್ಕೂ ಕಾರಣ ಸಿಕ್ಕೇ ಸಿಗುತ್ತದೆಂಬ ನಂಬಿಕೆ. ಜಹೀರಾಬಾದಿನ ಆ ಮಧ್ಯಾಹ್ನಕ್ಕೆ ಮಾತ್ರ ಕಾರಣ ಇಂದಿಗೂ ಸಿಕ್ಕಿಲ್ಲ. ನೀವು ನಂಬಲೇಬೇಕೆಂದಿಲ್ಲ.

ತೆಲಂಗಾಣ ಚಳವಳಿ ಜೋರಾಗಿದ್ದ ಕಾಲ. ನನ್ನ ಅಂಗಡಿ ತಾಂಡೂರಿನಲ್ಲಿತ್ತು. ಜಹೀರಾಬಾದಿನಲ್ಲಿ ವಧೂವರರ ಕೇಂದ್ರ ನಡೆಸುತ್ತಿದ್ದ ಗುರುಪಾದಪ್ಪನವರು ಹೊಸ ಕಂಪ್ಯೂಟರ್ ಕೊಂಡಿದ್ದರು. ಗಂಡಿಗೆ ಹೊಂದುವ ಹೆಣ್ಣುಗಳನ್ನು ಹುಡುಕಿಕೊಡುವ ಅವರ ಹಳೆಯ ಡಾಸ್ ಪ್ರೋಗ್ರಾಂ ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ಹೊಸ ಯಂತ್ರದ ವೇಗವನ್ನು ಅದು ತಾಳದು. ನಾನು ಅಲ್ಲಿಗೆ ಹೋಗಿ ವೇಗ ತಗ್ಗಿಸುವ ಸಣ್ಣ ತಂತ್ರಾಂಶ ಹಾಕಿ ಹೇಗೋ ನಡೆಸಿದೆ.

ಮರುದಿನ ಬಂದ್ ಇದ್ದುದರಿಂದ ಅಲ್ಲೇ ಉಳಿದಿದ್ದೆ. ನಸುಕಿನಲ್ಲೇ ನಾರಾಯಣಖೇಡದಿಂದ ಜೀಪಿನಲ್ಲಿ ಬಂದಿದ್ದ ನೀಲಮ್ಮ ಎಂಬಾಕೆ ಮಗನಿಗೆ ಎರಡನೆಯ ಸಂಬಂಧ ಹುಡುಕುತ್ತಿದ್ದಳು. ಮೊದಲ ಸೊಸೆ ಮಹಾದೇವಿ ಸ್ಟವ್ ಸಿಡಿದು ಸತ್ತಿದ್ದಳಂತೆ. ಆ ಮದುವೆ ಕುದುರಿಸಿದ್ದೂ ಇದೇ ಕೇಂದ್ರ. ಝರಾಸಂಗಂನ ಶರಣಪ್ಪ ಎಂಬವರು ಮಗಳ ಫೋಟೋ ಹಿಡಿದು ಬಾಗಿಲ ಬಳಿ ಕೂತಿದ್ದರು.

ಗುರುಪಾದಪ್ಪನವರು ನೀಲಮ್ಮನ ಮಗನ ವಿವರ ತುಂಬಿ ಹುಡುಕಿದರು. ಪರದೆಯ ಮೇಲೆ ಒಂದೇ ಹೆಸರು ಬಂತು. ಮಹಾದೇವಿ.

“ಇದೇನ್ರೀ, ಮದಿವಿ ಆದ ಮ್ಯಾಲ ಈ ಹೆಸರು ನಾನೇ ಅಳಸೀನಲ್ಲ!” ಎಂದರು ಅವರು.

ನನಗೆ ಗಾಬರಿಯಾಗಲಿಲ್ಲ. ಇಂಥ ಪ್ರೋಗ್ರಾಮುಗಳಲ್ಲಿ ಅಳಿಸಿದ ಹೆಸರು ಕೂಡಲೇ ಹೋಗುವುದಿಲ್ಲ. ಗುರುತು ಬಿದ್ದು ಮರೆಯಾಗಿರುತ್ತದೆ ಅಷ್ಟೆ. ಹಾಗೆ ಗುರುತು ಬಿದ್ದವನ್ನೆಲ್ಲ ಕಾಯಂ ತೆಗೆದುಹಾಕಿದೆ. ಮತ್ತೆ ಹುಡುಕಿದರೆ ಮತ್ತೆ ಮಹಾದೇವಿ. ಇಡೀ ಫೈಲು ತೆರೆದು ನೋಡಿದೆ. ಆ ಹೆಸರು ಎಲ್ಲೂ ಇರಲಿಲ್ಲ. ಬೇರೆ ಗಂಡುಗಳ ವಿವರ ಹಾಕಿದರೆ ಹೆಣ್ಣುಗಳ ಹೆಸರು ಸರಿಯಾಗಿಯೇ ಬರುತ್ತಿದ್ದವು. ಈಕೆಯ ಮಗನದು ಹಾಕಿದೊಡನೆ ಫೈಲಿನಲ್ಲೇ ಇಲ್ಲದ ಅದೊಂದು ಹೆಸರು.

ನೀಲಮ್ಮ ಚಹಾ ಬಸಿಗೆ ಸುರಿದುಕೊಳ್ಳುತ್ತ ನಕ್ಕಳು. “ಸುಟ್ಟು ಕರ್‍ರಗ ಆದ್ರೂ ಬೆನ್ನು ಬಿಡವಲ್ಲಳು ನೋಡ್ರಿ. ಬದುಕಿದ್ದಾಗೂ ಹಿಂಗೇ. ಎಷ್ಟ್ ಹೊಡದ್ರೂ ಮನಿ ಬಿಟ್ಟು ಹೋಗಲಿಲ್ಲ.”

ಗುರುಪಾದಪ್ಪನವರು ಕಂಪ್ಯೂಟರಿನ ಪ್ಲಗ್ ಕಿತ್ತು ಶರಣಪ್ಪನವರನ್ನು ಒಳಗೆ ಕರೆದರು. ಚಹಾ ಆರುವಷ್ಟರಲ್ಲಿ ಮಾತುಕತೆ ಮುಗಿದು ಸಂಬಂಧ ಗಟ್ಟಿಯಾಯಿತು.

ನಾನು ಮೆಟ್ಟಿಲ ಬಳಿ ಶರಣಪ್ಪನವರನ್ನು ತಡೆದೆ. “ಕಾಕಾ, ಆ ಮನೀಗಿ ಹುಡುಗೀನ ಕೊಡಬ್ಯಾಡ್ರಿ. ಮೊದಲಿನಾಕೀಗಿ ಹೊಡೀತಿದ್ವಿ ಅಂತ ಆಕೀನೇ ಅಂದಾಳ.”

“ನಾನೂ ಕೇಳೀನಿ ತಮ್ಮಾ. ಯಾ ಮನ್ಯಾಗ ಹೊಡಿಯಂಗಿಲ್ಲ ಹೇಳು? ನನ್ನ ಮಗಳು ಕಪ್ಪದಾಳ. ಇದೂ ಹೋದ್ರ ಯಾರ್ ಮಾಡ್ಕೋತಾರ?” ಫೋಟೋ ಜೇಬಿಗಿಟ್ಟುಕೊಂಡು ಅವರು ಇಳಿದುಹೋದರು.

ಮದುವೆಯಾಯಿತು. ಮುಂದಿನ ಬೇಸಿಗೆಯಲ್ಲಿ ಗುರುಪಾದಪ್ಪನವರ ಫೋನ್ ಬಂತು. “ಶರಣಪ್ಪನ ಮಗಳು ಬಾವ್ಯಾಗ ಬಿದ್ದು ತೀರಿ ಹೋಗ್ಯಾಳ್ರಿ. ನೀಲಮ್ಮ ಮತ್ತ ಬಂದು ಕೂತಾಳ. ಲಗೂ ಬರ್ರಿ, ಪ್ರೋಗ್ರಾಂ ಮತ್ತ ಹಂಗೇ ಮಾಡಾಕತ್ತದ.”

ಫೋನ್ ಇಟ್ಟುಬಿಟ್ಟೆ. ಹೋಗಲಿಲ್ಲ. ಆ ದಿನ ಪರದೆಯ ಮೇಲೆ ಯಾರ ಹೆಸರು ಬಂದಿತ್ತೋ ಕೇಳಲೂ ಇಲ್ಲ.

ಹೆಸರು ಹುಡುಕಲು ಪ್ರೋಗ್ರಾಂ ಬಳಸುವ ಸೂಚಿ, ಅಂದರೆ ಇಂಡೆಕ್ಸ್, ಕೆಟ್ಟಿರಬೇಕು ಎಂದು ನನ್ನ ಕಸುಬಿನವರು ಹೇಳುತ್ತಾರೆ. ಇರಬಹುದು. ಆದರೆ ಅದು ಒಬ್ಬ ಗಂಡಿಗಷ್ಟೇ ಕೆಡುವುದು ಹೇಗೆ? ನನಗೆ ಗೊತ್ತಿಲ್ಲ.