ರತ್ನಕ್ಕನ ಒನ್ಸ್ ಮೋರ್

ರತ್ನಕ್ಕ ಬಾಗಲಗುಂಟೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗದಗ, ರೋಣದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ಹುಡುಗರಿಗೆ ಅವಳ ಜೋಳದ ರೊಟ್ಟಿ ಇದ್ದರೇನೇ ಊಟ. ರೊಟ್ಟಿ ಬಡಿಯುವ ಆ ಕೈಗಳು ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ರಾಣಿಯ ಬಳೆ ತೊಟ್ಟಿದ್ದವು ಅನ್ನೋದು ಎಷ್ಟು ಜನಕ್ಕೆ ಗೊತ್ತಿತ್ತು? ಕಂಪನಿ ಮುಳುಗಿತು, ಗಂಡ ಕುಡಿದು ಸತ್ತ, ಇವಳು ಹೊಟ್ಟೆಪಾಡಿಗೆ ಇಲ್ಲಿಗೆ ಬಂದು ಬಿದ್ದಳು. ಉಳಿದ ಆಯುಸ್ಸನ್ನಾದರೂ ಬಣ್ಣ ಹಚ್ಚಿಕೊಂಡು ಕಳೀಬೇಕು ಅಂತ ಒಲೆಯ ಮುಂದೆ ಕೂತು ಹೇಳುತ್ತಿದ್ದಳು. ಮುದುಕಿಗೆ ಹುಚ್ಚು ಅಂತ ನಕ್ಕವರೇ ಹೆಚ್ಚು.

ಎಪ್ಪತ್ತೆಂಟನೇ ಇಸವಿಯಲ್ಲಿ ಕಾಲೇಜು ಮೇಷ್ಟ್ರು ಶೇಖರಪ್ಪ ಅವಳು ಆಡುತ್ತಿದ್ದ ಹಳೇ ನಾಟಕವನ್ನೇ ಮತ್ತೆ ಎತ್ತಿಕೊಂಡರು. ಯುದ್ಧದಲ್ಲಿ ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡುವ ರಾಣಿಯ ಪಾತ್ರ ರತ್ನಕ್ಕನಿಗೇ ಸಿಕ್ಕಿತು. ಆ ದಿನ ಸಾರಿಗೆ ಉಪ್ಪು ಹಾಕೋದನ್ನೇ ಮರೆತಳು. ಹುಡುಗರು ತಾವೇ ಉಪ್ಪು ಬೆರೆಸಿಕೊಂಡು ಉಂಡರು.

ಮೇಷ್ಟ್ರದು ಒಂದೇ ಕಟ್ಟಪ್ಪಣೆ. "ನೋಡಿ ರತ್ನಕ್ಕ, ಪತ್ರಿಕೆ ವಿಮರ್ಶಕರು ಬರ್ತಾರೆ. ಅವರು ಮೆಚ್ಚಿ ಬರೆದ್ರೆ ಮಾತ್ರ ಪೇಟೆಯ ದೊಡ್ಡ ರಂಗಮಂದಿರ ಸಿಗತ್ತೆ. ಜನ ಒನ್ಸ್ ಮೋರ್ ಅಂತ ಅರಚಿದ್ರೂ ನೀವು ಮತ್ತೆ ಹಾಡ್ಬಾರ್ದು, ಅವರಿಗೆ ಅದು ಹಿಡಿಸಲ್ಲ."

ಅಲ್ಲ, ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಅಂದಮೇಲೆ ಹಾಡಲೇಬೇಕು. ಸತ್ತು ಬಿದ್ದ ರಾಜನೂ ಎದ್ದು ಕೂತು ಹಾಡಿ, ಆಮೇಲೆ ಇನ್ನೊಂದು ಸಲ ಸಾಯುತ್ತಿದ್ದ. ಕೇಳಿದವರಿಗೆ ಕೊಡದಿದ್ದರೆ ಉಣ್ಣುವವನ ಮುಂದಿನ ತಟ್ಟೆ ಎಳೆದ ಹಾಗೆ. ಆದರೂ ರತ್ನಕ್ಕ, "ಆಗ್ಲಿ ಬಿಡ್ರಿ ಸರ, ಒಮ್ಮೆನ ಹಾಡತೀನಿ" ಅಂದಳು.

ಯಶವಂತಪುರದ ಒಂದು ಸಭಾಂಗಣದಲ್ಲಿ ಆಟ. ಮುಂದಿನ ಸಾಲಿನಲ್ಲಿ ವಿಮರ್ಶಕರು, ಹಿಂದೆ ಖಾನಾವಳಿ ಹುಡುಗರು, ಮಾರ್ಕೆಟ್ಟಿನ ಹಮಾಲರು. ಹಾಡು ಮುಗಿದದ್ದೇ ತಡ, ಹಿಂದಿನಿಂದ ಒನ್ಸ್ ಮೋರ್ ಎದ್ದಿತು. ರತ್ನಕ್ಕ ಹಲ್ಲು ಕಚ್ಚಿ ಕೂತಳು. ಕೂಗು ನಿಲ್ಲಲಿಲ್ಲ. ಮುದುಕ ಹಮಾಲನೊಬ್ಬ ಕಣ್ಣೀರು ಒರೆಸಿಕೊಳ್ಳುತ್ತಾ ಎದ್ದು ನಿಂತು ಕೈಮುಗಿದ. ಅವಳಿಗೆ ತಡೆಯಲಾಗಲಿಲ್ಲ, ಹಾಡಿಬಿಟ್ಟಳು.

ಭಾನುವಾರದ ಪತ್ರಿಕೆಯಲ್ಲಿ ಬಂತು. ನಾಟಕ ಘನವಾಗಿದೆ, ಆದರೆ ಹಳೇ ನಟಿಯೊಬ್ಬಳು ತಾಯಿಯ ದುಃಖವನ್ನು ಸಂತೆ ಮಾಡಿದಳು ಅಂತ. ಅಯ್ಯಾ ಪುಣ್ಯಾತ್ಮ, ಆ ಸಂತೆಯವರೇ ಅಲ್ಲವೇ ಅತ್ತಿದ್ದು? ಮೇಷ್ಟ್ರು ಖಾನಾವಳಿಗೇ ಬಂದು, ತಲೆ ತಗ್ಗಿಸಿ, ಪಾತ್ರ ಬೇರೆಯವರಿಗೆ ಕೊಟ್ಟಿದ್ದೀನಿ ಅಂದರು. ರತ್ನಕ್ಕ ಅವರಿಗೆ ಊಟ ಬಡಿಸಿಯೇ ಕಳಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಅತ್ತಳು.

ದೊಡ್ಡ ರಂಗಮಂದಿರದಲ್ಲಿ ಗಂಗಾದೇವಿ ಅನ್ನೋ ಹುಡುಗಿ ರಾಣಿಯಾದಳು. ರತ್ನಕ್ಕ ಯಾರಿಗೂ ಹೇಳದೆ ಹೋಗಿ ಕೊನೇ ಸಾಲಿನಲ್ಲಿ ಕೂತಳು. ತಪ್ಪು ಹುಡುಕಬೇಕು ಅಂತಲೇ ಹೋದವಳು. ಆ ಹುಡುಗಿ ಹಾಡಿದಳು ನೋಡಿ, ರತ್ನಕ್ಕ ತಪ್ಪು ಹುಡುಕೋದನ್ನೇ ಮರೆತಳು. ಹಾಡು ಮುಗಿಯಿತು. ಯಾರೂ ಕೂಗಲಿಲ್ಲ, ಕೆಮ್ಮಲೂ ಇಲ್ಲ. ಅಷ್ಟು ಚೆಂದ ಹಾಡಿದ ಮಗಳನ್ನು ಹಾಗೇ ಬರಿಗೈಲಿ ಕಳಿಸೋದಾ? ರತ್ನಕ್ಕ ಎದ್ದು ನಿಂತು, ಗಂಟಲು ಬಿರಿಯುವ ಹಾಗೆ "ಒನ್ಸ್ ಮೋರ್" ಅಂದಳು.

ಸಭೆಯೆಲ್ಲ ತಿರುಗಿ ನೋಡಿತು. ಶ್ ಅಂದರು. ಬಾಗಿಲು ಕಾಯುವವನು ಬಂದು ತೋಳು ಹಿಡಿದು ಹೊರಗೆ ಹಾಕಿದ. ರಂಗದ ಮೇಲೆ ಗಂಗಾದೇವಿ ತಲೆ ಎತ್ತಲಿಲ್ಲ. ಈ ಸಲ ಪತ್ರಿಕೆ ನಾಟಕವನ್ನು ಹೊಗಳಿದ್ದೇ ಹೊಗಳಿದ್ದು.

ರತ್ನಕ್ಕ ಆಮೇಲೆ ಆರೇಳು ವರ್ಷ ಬದುಕಿದ್ದಳು. ಬಣ್ಣದ ಮಾತೇ ಎತ್ತಲಿಲ್ಲ. ಹುಡುಗರು ಹಾಡು ಅಂತ ಪೀಡಿಸಿದರೆ ಒಲೆಯಿಂದ ಮುಖ ತಿರುಗಿಸದೆ, "ರೊಟ್ಟಿ ಕೇಳ್ರಿ, ಎಷ್ಟ್ ಸಲ ಕೇಳಿದ್ರೂ ಹಾಕತೀನಿ" ಅನ್ನುತ್ತಿದ್ದಳು.