ಒಳಗೆ ಹಿಡಿದ ಹೊಲಿಗೆ

ಅಂಗಡಿಯ ಬಾಗಿಲು ತೆಗೆದು, ಮೆಷಿನ್‌ಗೆ ಎಣ್ಣೆ ಬಿಡುವುದಕ್ಕೂ ಮೊದಲು ದರ್ಜಿ ಹೆಂಡತಿಗೆ ಫೋನ್ ಮಾಡುತ್ತಿದ್ದ. ಕ್ಷೇಮಸಮಾಚಾರಕ್ಕೆ ಮುಂಚೆ ಹಳೆಯ ಪ್ರೇಮಕಾವ್ಯದ ಒಂದು ಪದ್ಯ. ಅವಳು ಬೇರೆ ಊರಿನ ಹಾಸ್ಟೆಲೊಂದರಲ್ಲಿ ಅಡುಗೆಯವಳು. ತಿಂಗಳಿಗೊಮ್ಮೆ ಮನೆಗೆ ಬರುವವಳು. ಪದ್ಯ ತಪ್ಪಿದ ಬೆಳಗಿಲ್ಲ.

ಆ ಕವಿಗಳ ಉತ್ಪ್ರೇಕ್ಷೆಯೆಂದರೆ ಅವನಿಗೆ ಪ್ರಾಣ. ಅಗಲಿದವಳ ಕಣ್ಣೀರಿಗೆ ಸಮುದ್ರ ಉಪ್ಪಾಗುತ್ತದೆ, ಬೆಳದಿಂಗಳಿಗೆ ಮೈ ಬೊಬ್ಬೆ ಏಳುತ್ತದೆ, ಸೊರಗಿದವಳ ಬೆರಳಿನ ಉಂಗುರ ತೋಳಿಗೇರುತ್ತದೆ. ಸುಳ್ಳೆಂದು ಇಬ್ಬರಿಗೂ ಗೊತ್ತು; ಗೊತ್ತಿದ್ದೇ ನಗುವುದು ಅವರ ಸಂಸಾರದ ಸುಖ. ಎದುರಿಗೆ ನಿಂತು "ನಿನ್ನ ಬಿಟ್ಟಿರಲಾರೆ" ಎನ್ನಲು ಅವನಿಗೆ ನಾಚಿಕೆ. ಕವಿಯ ಬಾಯಲ್ಲಾದರೆ ಎಷ್ಟು ಬೇಕಾದರೂ ಹೇಳಬಹುದು.

ಚಳಿ ಶುರುವಾದಾಗ ಅವಳು ಬಂದಳು. ರವಿಕೆ ಸಡಿಲವಾಗಿತ್ತು.

"ಏನೇ, ನನ್ನ ನೆನಪಲ್ಲಿ ಕರಗಿ ಹೋದ್ಯಾ?"

"ಹೂಂ ಮತ್ತೆ. ನಿಮ್ಮ ಮುಖ ನೆನೆಸ್ಕೊಂಡ್ರೆ ಯಾರಿಗೆ ಊಟ ಸೇರುತ್ತೆ?"

ನಗುನಗುತ್ತಲೇ ಪಕ್ಕದ ಹೊಲಿಗೆಯನ್ನು ಒಂದು ಬೆರಳಷ್ಟು ಒಳಗೆ ಹಿಡಿದು ಕೊಟ್ಟ. ಮುಂದಿನ ಸಲ ಮತ್ತೆ ಹಿಡಿದ. ಅದರ ಮುಂದಿನ ಸಲವೂ. ರವಿಕೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ನೋಡಿದವರಿಗೆ ಅವಳು ಸೊರಗಿದ್ದೇ ತಿಳಿಯದಷ್ಟು ಅವನ ಕೈ ಚೊಕ್ಕ.

ಒಂದು ಬೆಳಿಗ್ಗೆ ಫೋನಿನಲ್ಲಿ ಅವಳು, "ಸಂಜೆ ಆದ್ರೆ ಮೈ ಸುಡುತ್ತೆ ಕಣ್ರೀ" ಎಂದಳು.

"ಚಂದ್ರನ ಕಡೆ ನೋಡ್ಬೇಡ ಅಂದಿರ್ಲಿಲ್ವಾ? ಅವನದೇ ಕೆಲಸ."

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಕಾದು ಪದ್ಯ ಮುಗಿಸಿ, ಅವನು ಎಣ್ಣೆಯ ಡಬ್ಬಿ ಎತ್ತಿಕೊಂಡ.

ಹಾಸ್ಟೆಲಿನವರೇ ಅವಳನ್ನು ಆಸ್ಪತ್ರೆಗೆ ಸೇರಿಸಿ ಇವನನ್ನು ಕರೆಸಿದರು. ಕ್ಷಯ ಎಂದರು ಡಾಕ್ಟರಮ್ಮ. ತಡವಾಗಿದೆ, ಔಷಧಿಗೆ ಮೈ ಒಗ್ಗಿದರೆ ಉಳಿದಾರು.

"ಇಷ್ಟು ಇಳಿದು ಹೋಗಿದ್ದಾರೆ. ಮನೇಲಿ ಯಾರ ಕಣ್ಣಿಗೂ ಬೀಳ್ಲಿಲ್ವಾ?"

ಅವನ ಕಣ್ಣಿಗೆ ಬಿದ್ದಿತ್ತು. ಟೇಪಿಗೂ ಸಿಕ್ಕಿತ್ತು. ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ತಾನೇ ಹೊಲಿದು ಮುಚ್ಚಿದ್ದ.

ಹೊಲಿಯಲು ಒಪ್ಪಿಕೊಂಡ ಬಟ್ಟೆಗಳಿದ್ದವು; ಕೆಲವು ದಿನದ ಮೇಲೆ ಅವಳ ರವಿಕೆಗಳನ್ನು ಒಗೆಯಲೆಂದು ಹೊತ್ತುಕೊಂಡು ಊರಿಗೆ ಮರಳಿದ. ಬೆಳಿಗ್ಗೆ ಅಂಗಡಿಯಿಂದ ಫೋನ್ ಮಾಡಿದ.

"ಏನ್ ತಿಂದೆ? ಜ್ವರ ಇದೆಯಾ?"

"ಪದ್ಯ ಎಲ್ಲಿ?"

"ಬೇಡ ಬಿಡು."

"ಬೇಡ ಅನ್ನೋಕೆ ನೀವ್ಯಾರ್ರೀ? ಗೋಡೆ ನೋಡ್ಕೊಂಡು ಮಲಗಿರೋಳು ನಾನು."

ಸಮುದ್ರದ ಪದ್ಯ ಶುರುಮಾಡಿದ. ಅರ್ಧಕ್ಕೇ ನಿಲ್ಲಿಸಿದ. ಉಳಿದದ್ದನ್ನು ಅವಳೇ ಸಣ್ಣ ದನಿಯಲ್ಲಿ ಮುಗಿಸಿ, "ಈಗ ಕೇಳಿ. ಹಾಲು ಕುಡಿದೆ, ಅದೂ ಹೊಟ್ಟೇಲಿ ಉಳೀಲಿಲ್ಲ. ಜ್ವರ ಇದೆ" ಎಂದಳು.

ಫೋನ್ ಇಟ್ಟು, ಅವಳ ರವಿಕೆಯೊಂದನ್ನು ಎಳೆದುಕೊಂಡು ಒಳಗೆ ಹಿಡಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಅಂಗಡಿಯಲ್ಲಿ ಕೈಗೆಲಸಕ್ಕಿದ್ದ ಭಾಮೈದ ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದವನು ತಲೆಯೆತ್ತಿದ.

"ಇದೇನ್ ಭಾವ, ಈಗಿನ ಅಕ್ಕನ್ನ ಇದರೊಳಗೆ ಹುಡುಕ್ಬೇಕಾಗುತ್ತೆ. ಇಲ್ಲಿ ಕೊಡಿ. ಅವಳ ಅಳತೆಗೆ ನಾನೇ ಹಿಡಿದುಕೊಡ್ತೀನಿ."

ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಸಾಲುಸಾಲಾಗಿ ಉಳಿದಿದ್ದವು. ದರ್ಜಿ ಅವುಗಳ ಮೇಲೆ ಹೆಬ್ಬೆರಳು ಸವರಿದ.

"ಬೇಡಪ್ಪ. ಸಡಿಲವಾಗೇ ಇರ್ಲಿ. ನೋಡಿದೋರಿಗೆಲ್ಲ ಕಾಣ್ಲಿ."