ಡಿಂಪ್ನಾ ಸಭೆಯಲ್ಲಿ ಕೇಳಿದ ಪ್ರಶ್ನೆ

ಬೆಲ್‌ಫಾಸ್ಟಿನ ನಮ್ಮ ಬೀದಿಯಲ್ಲಿ ಡಿಂಪ್ನಾಳಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ. ಅವಳ ಪಕ್ಕದ ಮನೆಯಲ್ಲೇ ಮುದುಕಿಯಾದವಳು ನಾನು, ನನಗೆ ಗೊತ್ತು. ಲಿನನ್ ಗಿರಣಿ ಮುಚ್ಚಿದ ಮೇಲೆ ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಮೂರು ಮಕ್ಕಳನ್ನು ಸಾಕಿದಳು. ಬ್ರಿಟಿಷ್ ಸೈನಿಕರು ಬೀದಿಗೆ ಕಾಲಿಟ್ಟರೆ ಕಸದ ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಬಡಿದು ಎಲ್ಲರನ್ನೂ ಎಚ್ಚರಿಸುತ್ತಿದ್ದವಳೂ ಇವಳೇ.

ಅಂಥವಳ ಗಂಡನಿಗೇ ಬೀದಿಯ ಜನ ಸೈನ್ಯದ ಮಾಹಿತಿದಾರ ಎಂಬ ಹೆಸರಿಟ್ಟರು.

ಅವಳ ಗಂಡ ಮ್ಯಾನಸ್ ಗಾರೆ ಕೆಲಸದವನು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಬೀದಿ ಮೂಲೆಯ ತಪಾಸಣೆಯಲ್ಲಿ ಸೈನಿಕರು ಅವನನ್ನು ಹಿಡಿದೊಯ್ದರು. ಮೂರನೆಯ ದಿನ ನಾಲ್ವರು ಸೈನಿಕರು ಅವನ ಮನೆಗೆ ಬಂದು, ಏನನ್ನೂ ಒಡೆಯದೆ, ಒಳಗೊಮ್ಮೆ ಇಣುಕಿ ಹೋದರು. ಸ್ವಲ್ಪ ಹೊತ್ತಿಗೆಲ್ಲ ಮ್ಯಾನಸ್ ಊದಿದ ಮುಖ ಹೊತ್ತು ನಡೆದುಕೊಂಡು ಬಂದ. ಕೇಸಿಲ್ಲ, ಜೈಲಿಲ್ಲ. ಜನಕ್ಕೆ ಅಷ್ಟು ಸಾಕಾಯಿತು. "ಸುಮ್ನೆ ಬಿಡ್ತಾರಾ? ನಾಲ್ಕು ಹೆಸ್ರು ಕಕ್ಕಿರ್ಬೇಕು" ಎಂದು ಮೊದಲು ಶುರು ಮಾಡಿದವನು ಪಬ್ಬಿನ ಬಾರ್ನಿ ಟೂಮನ್. ಅವನ ಬಾಯಿಗೆ ಬೆಂಕಿ ಬೀಳ.

ಆಮೇಲೆ ಪಬ್ಬಿನಲ್ಲಿ ಮ್ಯಾನಸ್‌ನ ಪಕ್ಕ ಯಾರೂ ಕೂರಲಿಲ್ಲ. ಕೆಲಸಕ್ಕೆ ಕರೆಯುವವರೂ ಇಲ್ಲವಾದರು. ನಮ್ಮಲ್ಲಿ ಯಾರೇ ಸತ್ತರೂ ಬೀದಿಯ ಗಂಡಸರೆಲ್ಲ ಸರದಿಯ ಮೇಲೆ ಶವಪೆಟ್ಟಿಗೆಗೆ ಹೆಗಲು ಕೊಡುತ್ತಾರೆ. ಕೆಲವು ವರ್ಷಗಳ ಮೇಲೆ ಮ್ಯಾನಸ್ ಸತ್ತಾಗ ಹೆಗಲು ಕೊಟ್ಟವರು ನನ್ನ ಗಂಡ, ಮ್ಯಾನಸ್‌ನ ತಮ್ಮ ಮತ್ತು ಬಾಡಿಗೆಯ ಆಳುಗಳು.

ಡಿಂಪ್ನಾ ಗಂಡನ ಪರವಾಗಿ ಊರಿಗೆಲ್ಲ ಎದುರು ನಿಂತಳು. ಒಮ್ಮೆ ಮಾತ್ರ ಬಟ್ಟೆ ಒಣಹಾಕುವಾಗ, "ಅಷ್ಟು ಹೊಡ್ತ ತಿಂದೋನು ಏನಾದ್ರೂ ಅಂದಿದ್ರೂ ಅಂದಿರ್ಬಹುದು ಅಲ್ವಾ, ಯೂನಾ?" ಎಂದು ನನ್ನನ್ನು ಕೇಳಿದಳು.

ಸೈನ್ಯದ ವಿರುದ್ಧ ಬಂದೂಕು ಹಿಡಿದಿದ್ದ ನಮ್ಮ ಹುಡುಗರು ಕದನವಿರಾಮ ಸಾರಿದ ಮರುವರ್ಷ, ಇಲ್ಲಿ ತಾವು ಮಾಡಿದ್ದನ್ನು ಹೇಳಿಕೊಳ್ಳುತ್ತೇವೆಂದು ಮೂವರು ಮಾಜಿ ಸೈನಿಕರು ಚರ್ಚಿನ ಸಭಾಂಗಣಕ್ಕೆ ಬಂದರು. ಕಾಲಿಡಲು ಜಾಗವಿರಲಿಲ್ಲ. ಹಿಂಬದಿಯಲ್ಲಿ ಚಹಾ ಕುದಿಯುತ್ತಿತ್ತು, ಆದರೆ ಆ ಮೂವರಿಗೆ ಯಾರೂ ಒಂದು ಲೋಟ ಕೊಡಲಿಲ್ಲ. ಅವರಲ್ಲೊಬ್ಬ ಡೆರೆಕ್, ಯಾರ್ಕ್‌ಶೈರಿನವನು, ಈಗ ಬಸ್ ಚಾಲಕ. ನಮ್ಮ ಬೀದಿಯ ಹೆಸರು ಹೇಳಿ, ಅದರ ಮೂಲೆಯ ತಪಾಸಣೆಯಲ್ಲಿ ತಾನಿದ್ದೆ ಎಂದ. ಅಷ್ಟು ಹೇಳಿದ್ದೇ ತಡ, ಡಿಂಪ್ನಾ ಎದ್ದು ನಿಂತಳು.

ಅವಳ ಕೋಟು ಹಿಡಿದು ಜಗ್ಗಿದೆ. "ಆಮೇಲೆ ಹೊರಗಡೆ ಕೇಳೇ. ಇಷ್ಟು ಜನರ ಮುಂದೆ ಅವನು ಹೌದು ಅಂದ್ಬಿಟ್ರೆ?"

"ಬೈದಿದ್ದು ಬೀದೀಲಿ. ಉತ್ತರ ಮಾತ್ರ ಮೂಲೇಲಿ ಈಸ್ಕೋಬೇಕಾ?" ಎಂದು ಕೈ ಕೊಸರಿಕೊಂಡಳು.

ಹಿಂದಿನಿಂದ ಬಾರ್ನಿ ಕೂಗಿದ: "ಕೂತ್ಕೊಳಮ್ಮಾ, ಸತ್ತೋರ್ನ ಯಾಕೆ ಎಬ್ಬಿಸ್ತೀಯಾ?"

"ನೀನು ಬದುಕಿದ್ದೋನ್ನೇ ಹೂತೋನು. ಮುಚ್ಚು ಬಾಯಿ!" ಎಂದವಳೇ ಡೆರೆಕ್‌ನತ್ತ ತಿರುಗಿದಳು. "ಮ್ಯಾನಸ್ ಅಂತ, ಗಾರೆ ಕೆಲಸದೋನು. ಎರಡು ರಾತ್ರಿ ಇಟ್ಕೊಂಡಿದ್ರಿ. ಅವನು ನಿಮಗೇನು ಹೇಳ್ದ?"

ಡೆರೆಕ್ ಅವಳನ್ನೇ ನೋಡುತ್ತ ನಿಂತ. ಹೇಳೋ ಮಾರಾಯ, ಹೌದೋ ಅಲ್ಲವೋ ಹೇಳಿ ಮುಗಿಸು ಎಂದು ನಾನು ಒಳಗೇ ಅವನನ್ನು ಶಪಿಸುತ್ತಿದ್ದೆ.

"ನೆನಪಿದೆ" ಎಂದ ಕೊನೆಗೆ. "ಅವ್ರು ಯಾರ ಹೆಸ್ರೂ ಹೇಳ್ಲಿಲ್ಲ. ಮನೆಮನೆ ಹುಡುಕುವಾಗ ಯಾರ ಮನೆ ಸೋಫಾ ಯಾವ ಬಣ್ಣ ಅಂತ ನಮ್ಗೆ ಬಾಯಿಪಾಠ ಮಾಡಿಸ್ತಿದ್ರು. ರಸ್ತೇಲಿ ಹಿಡಿದ್ರೆ ಅದನ್ನೇ ಕೇಳೋದು. ತಪ್ಪು ಹೇಳ್ದೋನು ಬೇರೆಯೋರ ಹೆಸ್ರಲ್ಲಿ ತಿರುಗ್ತಿದಾನೆ ಅಂತ ಅರ್ಥ. ಅವ್ರ ಮನೇಲಿ ನಾನು ಮುಂಚೆ ನೋಡಿದ್ದು ಹಸಿರು ಸೋಫಾ. ಅವ್ರು ಕೆಂಪು ಅಂದ್ರು."

ಡಿಂಪ್ನಾ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಹೊಡೆದ್ವಿ. ನಾನೂ ಹೊಡೆದೆ. 'ನನ್ ಹೆಂಡ್ತಿ ಹೊಸ ಕವರ್ ಹೊಲಿದಿದಾಳೆ, ಹೋಗಿ ನೋಡಿ' ಅನ್ನೋದೊಂದೇ ಮಾತು. ಮೂರನೇ ದಿನ ಬಂದು ನೋಡಿದ್ವಿ. ಕೆಂಪಗಿತ್ತು. ಬಿಟ್ವಿ."

ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಬಾರ್ನಿ ಟೋಪಿ ತೆಗೆದು ಅವಳ ಹತ್ತಿರ ಬಂದು, "ತಪ್ಪಾಯ್ತು, ಡಿಂಪ್ನಾ" ಎಂದ. ಅವಳಿಗೆ ಅದು ಕೇಳಿಸಲೇ ಇಲ್ಲ. ಕೂತು ನನ್ನ ಮಣಿಕಟ್ಟು ಹಿಡಿದಳು.

"ಇದನ್ನ ಪಬ್ಬಲ್ಲಿ ಒಂದು ಸಲ ಹೇಳ್ಬಾರ್ದಿತ್ತೇನೇ ಅವನು?"

"ನೀನು ಹೊಲಿದ ಕವರಿಂದ ಹೊಡ್ತ ತಿಂದೆ ಅಂತ ಅಲ್ಲಿ ಹೇಳಿದ್ರೆ ನಿನ್ ಕಿವಿಗೂ ಬೀಳ್ತಿತ್ತಲ್ಲ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ನನ್ನ ಮಣಿಕಟ್ಟು ಬಿಟ್ಟಳು.

"ಸಾಯೋವರೆಗೂ ದಿನಾ ಆ ಸೋಫಾ ಮೇಲೇ ಕೂತ್ಕೊಂಡು ಚಹಾ ಕುಡಿದ ಕಣೇ. ಬಣ್ಣ ಚೆನ್ನಾಗಿದೆ ಅಂತಿದ್ದ."